ಸುಳ್ಳುಮೀನಿನ ಬಣ್ಣ

ಮಾವನಿಗೆ ಕಣ್ಣು ಕಾಣಿಸುತ್ತಿಲ್ಲವೋ, ಇಲ್ಲ ಮಾವ ಊರಿನವರೆಲ್ಲರಿಗಿಂತ ನಾಲ್ಕು ಹೆಜ್ಜೆ ಮುಂದೆ ಯೋಚಿಸುತ್ತಿದ್ದಾರೋ, ಈ ಎರಡರಲ್ಲಿ ಯಾವುದು ನಿಜ ಎಂದು ಸೊಸೆಗೆ ಎರಡು ತಿಂಗಳಿಂದ ಬಗೆಹರಿದಿರಲಿಲ್ಲ. ಬೇರೆ ಯಾವ ಅಂಗಡಿಯಾಗಿದ್ದರೂ ಒಂದೇ ದಿನದಲ್ಲಿ ಬಗೆಹರಿಯುತ್ತಿತ್ತು. ಬಟ್ಟೆ ಅಂಗಡಿಯಲ್ಲಿ ನೀಲಿ ಕೇಳಿದವರಿಗೆ ಹಳದಿ ಕೊಟ್ಟು ನೋಡಿ, ಅಲ್ಲೇ ಮುಖಕ್ಕೆ ಎಸೆದು ಹೋಗುತ್ತಾರೆ. ಇದು ಗಾಳದ ಅಂಗಡಿ. ಇಲ್ಲಿ ಯಾವ ಬಣ್ಣ ಎತ್ತಿಕೊಟ್ಟರೂ ಅದಕ್ಕೊಂದು ಕಾರಣ ಹೇಳಬಹುದು, ಕೇಳಿದವರು ತಲೆಯಾಡಿಸುತ್ತಾರೆ. ಎಲ್ಲಕ್ಕಿಂತ ಹೊಟ್ಟೆ ಉರಿಸುವ ಸಂಗತಿಯೆಂದರೆ, ಒಮ್ಮೊಮ್ಮೆ ಮೀನೂ ತಲೆಯಾಡಿಸಿಬಿಡುತ್ತದೆ.

ಅಂಗಡಿ ಇದ್ದದ್ದು ಕೆರೆಗೆ ಇಳಿಯುವ ರಸ್ತೆಯ ಕೊನೆಯಲ್ಲಿ. ಮುಂದೆ ಗಾಜಿನ ಬಾಗಿಲು, ಒಳಗೆ ಎಡಕ್ಕೆ ಗಾಳದ ಕೋಲುಗಳು, ಬಲಕ್ಕೆ ರೀಲು, ದಾರ, ಸೀಸದ ಗುಂಡು, ನಡುವೆ ಆಳುದ್ದದ ಒಂದು ಗಾಜಿನ ತೊಟ್ಟಿ. ಹಿಂದಿನ ಗೋಡೆಯ ತುಂಬಾ ದೊಡ್ಡ ದೊಡ್ಡ ಸುಳ್ಳುಮೀನುಗಳು, ಅಂದರೆ ಎರೆಯ ಬದಲು ಗಾಳಕ್ಕೆ ಕಟ್ಟುವ ಬಣ್ಣದ ಬೊಂಬೆ ಮೀನುಗಳು. ಡಬ್ಬಿಯ ಮೇಲೆ ಸ್ವಿಮ್‌ಬೈಟ್ ಎಂದು ಅಚ್ಚಾಗಿರುತ್ತದೆ. ಮಾವ ಸುಳ್ಳುಮೀನು ಅಂದರು, ಆಮೇಲೆ ಊರೆಲ್ಲ ಸುಳ್ಳುಮೀನು ಅಂದಿತು. ಒಂದೊಂದೂ ಗೇಣಿಗಿಂತ ಉದ್ದ, ಕೆಲವು ಮೊಳಕ್ಕೆ ಹತ್ತಿರ. ಮೈಯನ್ನು ಎರಡು ಮೂರು ತುಂಡು ಮಾಡಿ ಕೀಲು ಹಾಕಿರುತ್ತಾರೆ, ನೀರಿನಲ್ಲಿ ಎಳೆದರೆ ಜೀವ ಇರುವುದರ ಹಾಗೆ ಬಳುಕುತ್ತದೆ. ಹೊಟ್ಟೆಯ ಕೆಳಗೆ ಮೂರು ಮುಳ್ಳಿನ ಕೊಕ್ಕೆ ಎರಡು. ತೂಕ ಎಷ್ಟೆಂದರೆ, ಎಸೆಯುವಾಗ ಹಿಂದೆ ಯಾರಾದರೂ ನಿಂತಿದ್ದರೆ ಅವರ ಕಥೆ ಮುಗಿದ ಹಾಗೆ.

ಮೊದಲ ಸಲ ನೋಡಿದವರು ನಗುತ್ತಾರೆ. ಇದನ್ನು ಮೀನು ತಿನ್ನುತ್ತದೋ, ಇದೇ ಮೀನನ್ನು ತಿನ್ನುತ್ತದೋ ಎಂದು ಕೇಳುತ್ತಾರೆ. ಮಾವ ನಗುವುದಿಲ್ಲ. ಕೆರೆಯ ತಳದಲ್ಲಿ ಬಿದ್ದುಕೊಂಡಿರುವ ಉದ್ದ ಮೂತಿಯ ಹಳೇ ಬೇಟೆಮೀನಿದೆಯಲ್ಲ, ಅದು ಮಹಾ ಮೈಗಳ್ಳ ಎನ್ನುತ್ತಾರೆ. ಬೆರಳುದ್ದದ ಮರಿಗೆಲ್ಲ ಅದು ಎದ್ದು ಬರುವುದಿಲ್ಲ, ಎದ್ದರೆ ಎರಡು ದಿನದ ಊಟವಾಗಬೇಕು. ಆದ್ದರಿಂದ ಮೊದಲು ಗಾತ್ರ ಆರಿಸಿ, ಆಮೇಲೆ ಮುಳುಗುವ ವೇಗ ಆರಿಸಿ, ಕಡೆಗೆ ಬಣ್ಣ. ಹೇಳುತ್ತಲೇ ಒಂದೊಂದನ್ನೇ ತೊಟ್ಟಿಗೆ ಬಿಡುತ್ತಾರೆ. ಒಂದು ತೇಲುತ್ತದೆ, ಒಂದು ಕಲ್ಲಿನ ಹಾಗೆ ಹೋಗಿ ತಳ ಸೇರುತ್ತದೆ, ಇನ್ನೊಂದು ಹೋಗಲೋ ಬೇಡವೋ ಎಂದು ಮೆಲ್ಲಗೆ ಇಳಿಯುತ್ತದೆ. ಹಾಗೆ ಮೆಲ್ಲಗೆ ಇಳಿಯುವುದರ ಮೇಲೇ ಮಾವನಿಗೆ ಪ್ರೀತಿ. ಇನ್ನು ಬಣ್ಣಕ್ಕೆ ಬಂದರೆ, ನೀರು ತಿಳಿಯಾಗಿದ್ದರೆ ಆ ಕೆರೆಯ ಮೀನಿನದೇ ಬಣ್ಣ, ಅಂದರೆ ಹಸಿರು, ಕಂದು, ಬೂದಿ. ನೀರು ಕದಡಿದ್ದರೆ ಮಾತ್ರ ಕಣ್ಣಿಗೆ ಹೊಡೆಯುವ ಬಣ್ಣ. ಇದು ಮಾವನೇ ಮಾಡಿದ ಪಾಠ, ಸೊಸೆ ಬಾಯಿಪಾಠ ಮಾಡಿದ ಪಾಠ.

ಮದುವೆಯಾಗಿ ಈ ಮನೆಗೆ ಬಂದಾಗ ಅವಳಿಗೆ ಮೀನಿನ ತಲೆ ಯಾವುದು ಬಾಲ ಯಾವುದು ಎಂಬುದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಗಂಡ ದೂರದೂರಿಗೆ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಅತ್ತೆ ತೀರಿಕೊಂಡು ಆರು ವರ್ಷ. ಹಾಗಾಗಿ ಅಂಗಡಿಯೆಂದರೆ ಮಾವ ಮತ್ತು ಸೊಸೆ, ಅಷ್ಟೇ. ಮೊದಲ ತಿಂಗಳಲ್ಲಿ ಅವಳು ಗಿರಾಕಿಯೊಬ್ಬರಿಗೆ ಎಡಗೈ ರೀಲಿನ ಬದಲು ಬಲಗೈ ರೀಲು ಕಟ್ಟಿಕೊಟ್ಟಿದ್ದಳು. ಅವರು ಬಂದು ಕೂಗಾಡಿದಾಗ ಮಾವ, ನಾನೇ ಹಾಗೆ ಕೊಡು ಅಂದಿದ್ದು ಎಂದು ತಮ್ಮ ಮೇಲೆ ಹಾಕಿಕೊಂಡರು. ಒಂಬತ್ತು ವರ್ಷದಲ್ಲಿ ಒಂದು ದಿನವೂ ದನಿ ಎತ್ತಿದವರಲ್ಲ. ಅಂಥವರ ಮುಂದೆ ನಿಂತು ನಿಮಗೆ ಕಣ್ಣು ಕಾಣಿಸುತ್ತಿಲ್ಲ ಎನ್ನುವುದಕ್ಕೆ ಎಷ್ಟು ದೊಡ್ಡ ಬಾಯಿ ಬೇಕು ಹೇಳಿ. ಅವಳಿಗೆ ಅಷ್ಟು ದೊಡ್ಡ ಬಾಯಿ ಇರಲಿಲ್ಲ.

ಶುರುವಾದದ್ದು ಹಲ್ಲಿನ ಡಾಕ್ಟರಿಂದ. ಎರಡು ತಿಂಗಳ ಹಿಂದೆ ಅವರು ಬಂದು, ನೀರು ಕನ್ನಡಿಯ ಹಾಗಿದೆ, ಹಸಿರು ಬೆನ್ನಿನ ದೊಡ್ಡದೊಂದು ಕೊಡಿ ಎಂದು ಕೇಳಿದರು. ಮಾವ ಗೋಡೆಯ ಕಡೆ ತಿರುಗಿ, ಕೈಯಾಡಿಸಿ, ಬೆಂಕಿಯಂಥ ಕಿತ್ತಳೆ ಬಣ್ಣದ್ದೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಹಿಂದಿನ ದಿನ ಸೊಸೆ ಗೋಡೆ ಒರೆಸುವಾಗ ಸಾಲುಗಳನ್ನು ಅದಲು ಬದಲು ಮಾಡಿದ್ದಳು, ಅದು ಅವಳಿಗೆ ಆಮೇಲೆ ನೆನಪಾಯಿತು. ಡಾಕ್ಟರು, ಇದೇನು ಇಷ್ಟು ಢಾಳಾಗಿದೆ ಎಂದರು. ಮಾವ ಒಂದು ಕ್ಷಣ ಸುಮ್ಮನಿದ್ದರು. ಆ ಒಂದು ಕ್ಷಣವನ್ನು ಸೊಸೆ ಬಿಟ್ಟರೆ ಯಾರೂ ಗಮನಿಸಲಿಲ್ಲ. ಆಮೇಲೆ ಅವರು, ಕೆರೆಗೆ ಬಂದವರೆಲ್ಲ ಹಸಿರನ್ನೇ ಹಾಕುತ್ತಾರೆ, ಹಸಿರು ನೋಡಿ ನೋಡಿ ಆ ಮೀನಿಗೆ ಬೇಜಾರಾಗಿ ಹೋಗಿದೆ, ಈಗ ಅದಕ್ಕೆ ಹಸಿವು ಬರಿಸಿ ಪ್ರಯೋಜನವಿಲ್ಲ, ಸಿಟ್ಟು ಬರಿಸಬೇಕು ಎಂದು ವಿವರಿಸಿದರು. ಡಾಕ್ಟರು ಬೆರಗಾಗಿ ಕಿತ್ತಳೆಯನ್ನೇ ತೆಗೆದುಕೊಂಡು ಹೋದರು.

ಮಾರನೆಯ ದಿನ ಅವರು ಹಿಡಿದ ಮೀನು ಅವರ ಸೊಂಟದೆತ್ತರ ಇತ್ತು. ಆ ಕೆರೆಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಡಾಕ್ಟರು, ಮೀನು, ಕಿತ್ತಳೆ ಬಣ್ಣದ ಸುಳ್ಳುಮೀನು, ಮೂರೂ ಇರುವ ಫೋಟೊ ದೊಡ್ಡದಾಗಿ ಅಂಗಡಿಯ ಗೋಡೆಗೇರಿತು. ಅಲ್ಲಿಂದ ಮುಂದೆ ಮಾವ ಏನು ಎತ್ತಿಕೊಟ್ಟರೂ ಜನ ಎರಡು ಮಾತಾಡದೆ ತೆಗೆದುಕೊಂಡರು. ಬೂದಿ ಕೇಳಿದವರಿಗೆ ಹಳದಿ ಸಿಕ್ಕಿತು, ಹಳದಿ ಕೇಳಿದವರಿಗೆ ಕಪ್ಪು ಸಿಕ್ಕಿತು. ಪ್ರತಿಯೊಂದಕ್ಕೂ ಕಾರಣ ಸಿದ್ಧವಿತ್ತು. ಗಾಳಿ ಈ ಕಡೆಯಿಂದ ಬೀಸುತ್ತಿದೆ, ಅದಕ್ಕೆ. ಮೊನ್ನೆ ನೀರು ಬಿಟ್ಟಿದ್ದಾರೆ, ಅದಕ್ಕೆ. ಗಿರಾಕಿ ಹೋದ ಮೇಲೆ ಮಾವ ಅದೇ ಕಾರಣವನ್ನು ಸೊಸೆಗೆ ಇನ್ನೊಮ್ಮೆ ಹೇಳುತ್ತಿದ್ದರು. ಅವಳು ಹೂಂ ಮಾವ ಎನ್ನುತ್ತಿದ್ದಳು.

ಅನುಮಾನ ಬಂದ ಮೇಲೆ ಎಲ್ಲವೂ ಅನುಮಾನವೇ. ಮಾವ ಗಿರಾಕಿಯನ್ನು ಬಾಗಿಲಲ್ಲೇ ಹೆಸರು ಹಿಡಿದು ಕರೆಯುತ್ತಿದ್ದರು, ಹಾಗಾದರೆ ಕಾಣಿಸುತ್ತದೆ ಎಂದು ಸಮಾಧಾನವಾಗುತ್ತಿತ್ತು. ಗಿರಾಕಿ ಮೊದಲು ಕೆಮ್ಮಿದ್ದನಲ್ಲವೇ ಎಂದು ಆಮೇಲೆ ಹೊಳೆಯುತ್ತಿತ್ತು. ಕೂದಲೆಳೆಯಂಥ ದಾರವನ್ನು ಕೊಕ್ಕೆಯ ಕಣ್ಣಿಗೆ ಒಂದೇ ಸಲಕ್ಕೆ ಪೋಣಿಸುತ್ತಿದ್ದರು. ಆದರೆ ಆಗ ಅವರ ಮುಖ ರಸ್ತೆಯ ಕಡೆ ಇರುತ್ತಿತ್ತು. ಅವರ ಹೆಬ್ಬೆರಳಲ್ಲಿ ಮುಳ್ಳು ಚುಚ್ಚಿದ ಮೂರು ಹೊಸ ಗಾಯಗಳಿದ್ದವು. ಕೇಳಿದ್ದಕ್ಕೆ, ಈ ಸಲದ ಕೊಕ್ಕೆ ವಿಪರೀತ ಚೂಪು ಬಂದಿದೆ ಎಂದರು. ಅದೂ ನಿಜವೇ, ಅವಳಿಗೂ ಒಂದೆರಡು ಸಲ ಚುಚ್ಚಿತ್ತು.

ಅಂಗಡಿಯ ವಿಷಯವಾಗಿದ್ದರೆ ಅವಳು ಹೇಗೋ ಸಹಿಸಿಕೊಂಡು ಹೋಗುತ್ತಿದ್ದಳು. ಬಣ್ಣ ತಪ್ಪಿದರೆ ಯಾರ ಪ್ರಾಣವೂ ಹೋಗುವುದಿಲ್ಲ. ಆದರೆ ಮಾವನ ಬಳಿ ಬೋಟು ಇತ್ತು. ಮೋಟಾರು ಬೋಟಿನಲ್ಲಿ ಗಿರಾಕಿಗಳನ್ನು ಕೂರಿಸಿಕೊಂಡು ಕೆರೆಯ ಆ ಕಡೆಗೆ ಕರೆದುಕೊಂಡು ಹೋಗುವುದು ಅವರ ನಲವತ್ತು ವರ್ಷದ ಅಭ್ಯಾಸ. ಆ ಕಡೆ ಇರುವುದು ಕೋಡಿ. ಕೆರೆ ತುಂಬಿದಾಗ ಹೆಚ್ಚಾದ ನೀರು ಕಟ್ಟೆಯ ಮೇಲಿನಿಂದ ಹಾರಿ, ಕಾಂಕ್ರೀಟಿನ ಮೆಟ್ಟಿಲುಗಳ ಮೇಲೆ ಮೂರಾಳು ಕೆಳಕ್ಕೆ ಬೀಳುವ ಜಾಗ. ಅದರ ಮುಂದೆಯೇ ಕೆರೆ ಆಳ, ದೊಡ್ಡ ಮೀನೆಲ್ಲ ಅಲ್ಲೇ. ಈ ಎರಡು ತಿಂಗಳಲ್ಲಿ ಮಾವ ಮಂಡಿನೋವು ಎಂದು ಹೇಳಿ ಬೋಟು ಇಳಿಸಿರಲಿಲ್ಲ. ಮಂಡಿನೋವು ವಾಸಿಯಾಗದಿರಲಿ ಎಂದು ಬೇಡಿಕೊಂಡ ಸೊಸೆ ಈ ಲೋಕದಲ್ಲಿ ಇವಳೊಬ್ಬಳೇ ಇರಬೇಕು.

ಬುಧವಾರ ಡಾಕ್ಟರು ಮತ್ತೆ ಬಂದರು. ಭಾನುವಾರ ಬೆಳಿಗ್ಗೆ ಬೋಟು ಬೇಕು, ಹೆಂಡತಿಯೂ ಬರುತ್ತಾಳೆ, ಆ ಮೀನಿನ ಅಪ್ಪನನ್ನು ಹಿಡಿಯಬೇಕು, ಕೋಡಿಯ ಮುಂದಕ್ಕೇ ಕರೆದುಕೊಂಡು ಹೋಗಿ ಎಂದರು. ಹೆಂಡತಿಗೆ ಈಜು ಬರುವುದಿಲ್ಲ, ಆದರೆ ನೀವಿದ್ದೀರಲ್ಲ ಎಂದು ನಕ್ಕರು. ಸೊಸೆ ಮಾವನ ಮುಖವನ್ನೇ ನೋಡುತ್ತಿದ್ದಳು. ಮಾವ ಗೋಡೆಯ ಫೋಟೊದ ಕಡೆ ತಿರುಗಿದರು, ಮಂಡಿ ಸವರಿಕೊಂಡರು, ಆಮೇಲೆ ಆಗಲಿ ಡಾಕ್ಟ್ರೇ ಎಂದುಬಿಟ್ಟರು.

ಇದು ಸಾಲದೆಂಬಂತೆ ಅದೇ ದಿನ ಸಂಜೆ ಕೆರೆ ಕಚೇರಿಯವನು ಬಂದು ಅಂಗಡಿಯ ಬಾಗಿಲಿಗೆ ಒಂದು ನೋಟೀಸು ಅಂಟಿಸಿ ಹೋದ. ಕೋಡಿಯಲ್ಲಿ ನೀರಿನ ಸೆಳೆತ ಹೆಚ್ಚಾಗಿದೆ, ಎಚ್ಚರಿಕೆಯ ತೇಲುಗುಂಡುಗಳ ಸಾಲನ್ನು ಮೊದಲಿದ್ದ ಜಾಗದಿಂದ ಇನ್ನೂರು ಹೆಜ್ಜೆ ಈಚೆಗೆ ತಂದು ಹಾಕಿದೆ, ಅದನ್ನು ದಾಟಬಾರದು ಎಂದು ಅದರಲ್ಲಿತ್ತು. ಕಣ್ಣು ಇಲ್ಲದಿದ್ದರೂ ಮಾವ ನೆನಪಿನ ಮೇಲೇ ಬೋಟು ಓಡಿಸಿಯಾರು ಎಂಬ ಒಂದು ಧೈರ್ಯ ಅವಳಿಗಿತ್ತು, ಈ ಕೆರೆ ಅವರಿಗೆ ಅಂಗೈ ಇದ್ದ ಹಾಗೆ. ಈಗ ಆ ಧೈರ್ಯವೂ ಹೋಯಿತು. ನೆನಪಿನಲ್ಲಿರುವ ಸಾಲು ಹಳೆಯದು. ಮಾವನನ್ನು ನೋಟೀಸು ನೋಡಿದಿರಾ ಎಂದು ಕೇಳಿದಳು. ನೋಡಿದೆ ನೋಡಿದೆ ಎಂದರು. ಸಾಲು ಎಲ್ಲಿಗೆ ತಂದಿದ್ದಾರಂತೆ ಎಂದು ಕೇಳಿದಳು. ಎಲ್ಲಿಗೆ ತಂದರೇನಮ್ಮ, ಕಡುಕೆಂಪು ಗುಂಡುಗಳು, ಮೈಲಿ ದೂರದಿಂದ ಕಾಣಿಸುತ್ತವೆ ಎಂದರು. ಓದಿದವರ ಮಾತೂ ಆಗಬಹುದು, ಓದದವರ ಮಾತೂ ಆಗಬಹುದು.

ಶುಕ್ರವಾರ ಮಧ್ಯಾಹ್ನ ಅವಳು ಒಂದು ಪರೀಕ್ಷೆ ಇಟ್ಟಳು. ಇಡುವಾಗ ತನ್ನ ಮೇಲೆ ತನಗೇ ಅಸಹ್ಯವಾಯಿತು, ಆದರೂ ಇಟ್ಟಳು. ಭಾನುವಾರದ ಪೆಟ್ಟಿಗೆಯಲ್ಲಿ ಎಂಟು ಗೂಡುಗಳು, ಗೂಡಿಗೊಂದು ಸುಳ್ಳುಮೀನು. ಅವುಗಳಲ್ಲಿ ಎರಡು ಒಂದೇ ಕಂಪನಿಯವು, ಒಂದೇ ಉದ್ದ, ಒಂದೇ ತೂಕ, ಒಂದು ಹಾಲಿನಂತೆ ಬಿಳಿ, ಇನ್ನೊಂದು ಇದ್ದಿಲಿನಂತೆ ಕಪ್ಪು. ಮಾವ ಊಟಕ್ಕೆ ಹೋದಾಗ ಅವೆರಡರ ಗೂಡು ಬದಲಿಸಿದಳು. ಅವರು ಬಂದು ಕೂತ ಮೇಲೆ ದಾರ ಸುತ್ತುತ್ತಾ, ಏನೂ ಅಲ್ಲವೆಂಬಂತೆ, ಮಾವ ಆ ಕಪ್ಪನೆಯದನ್ನು ಇಲ್ಲಿ ಕೊಡಿ, ಮುಳ್ಳು ಉಜ್ಜಿ ಇಡುತ್ತೇನೆ ಎಂದಳು.

ಮಾವ ಪೆಟ್ಟಿಗೆಗೆ ಕೈ ಹಾಕಿ, ಮೊದಲು ಕಪ್ಪು ಇದ್ದ ಮೂರನೇ ಗೂಡಿನಿಂದ ಬಿಳಿಯದನ್ನು ತೆಗೆದು ಕೊಟ್ಟರು.

ಇದು ಬಿಳಿ ಅಲ್ಲವೇ ಮಾವ ಎಂದಳು.

ಮಾವ ಈ ಸಲವೂ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ನಕ್ಕರು. ನೀನು ಕೇಳಿದ್ದು ಕಪ್ಪು, ನಾನು ಕೊಟ್ಟದ್ದು ಭಾನುವಾರಕ್ಕೆ ಬೇಕಾದದ್ದು ಎಂದರು. ಭಾನುವಾರ ಮೋಡ ಇರುತ್ತದೆ, ಮೋಡದ ದಿನ ತಳದಿಂದ ಮೇಲೆ ನೋಡುವ ಮೀನಿಗೆ ಆಕಾಶವೆಲ್ಲ ಬೂದಿ, ಅದರಲ್ಲಿ ಬಿಳಿ ಹೊಟ್ಟೆ ಸುಳಿದಾಡಿದರೆ ಸಾಕು, ಕಪ್ಪಿಗೆ ಮುಳ್ಳು ಉಜ್ಜಿ ಏನು ಮಾಡುತ್ತೀ ಎಂದರು. ಅವಳು ಹೂಂ ಮಾವ ಎಂದಳು. ಒಳಗೆ ಹೋಗಿ ಫೋನು ತೆಗೆದು ಭಾನುವಾರದ ಹವಾಮಾನ ನೋಡಿದಳು. ಮೋಡ ಎಂದೇ ಇತ್ತು. ಅಯ್ಯೋ, ಇಂಥ ಮನುಷ್ಯನನ್ನು ಎಲ್ಲಿ ಹಿಡಿಯುವುದು? ಅವಳು ಅಡುಗೆಮನೆಯಲ್ಲಿ ಸುಮ್ಮನೆ ನಲ್ಲಿ ತಿರುಗಿಸಿ, ನೀರು ಹರಿಯುವುದನ್ನು ನೋಡುತ್ತಾ ನಿಂತಳು.

ಶನಿವಾರ ಬೆಳಿಗ್ಗೆ ಗಂಡನಿಗೆ ಫೋನು ಮಾಡಿದಳು. ಅವನು ಎಲ್ಲೋ ಪೆಟ್ರೋಲ್ ಬಂಕಿನಲ್ಲಿದ್ದ, ಹಿಂದೆ ಲಾರಿಗಳ ಗದ್ದಲ. ಅಪ್ಪನಿಗೆ ಏನೂ ಆಗಿಲ್ಲ, ಹೋದ ತಿಂಗಳು ನನ್ನ ಶರ್ಟಿನ ಗುಂಡಿ ಕಿತ್ತುಹೋಗಿದ್ದನ್ನು ಅವರೇ ಕಂಡುಹಿಡಿದರು, ನಿನಗೆ ಎಲ್ಲದರಲ್ಲೂ ಅನುಮಾನ ಎಂದ. ಮಾವ ಅವನ ಎದೆಯ ಮೇಲೆ ಕೈಯಿಟ್ಟು ಅಪ್ಪಿಕೊಂಡಾಗ ಗುಂಡಿ ಇಲ್ಲದ್ದು ತಿಳಿದಿರಬಹುದಲ್ಲ ಎಂದು ಅವಳು ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಅವನೇ ಒಂದು ಮಾತು ಹೇಳಿದ.

"ಬೋಟು ಬೇಡ ಅಂತ ಮಾತ್ರ ಹೇಳಬೇಡ. ಅಮ್ಮ ಹೋದ ಮೇಲೆ ಅವರು ಎದ್ದು ಕೂತಿದ್ದೇ ಆ ಬೋಟಿಂದ."

ಇದು ಅವಳಿಗೂ ಗೊತ್ತಿದ್ದದ್ದೇ. ಅತ್ತೆ ಹೋದ ಮೇಲೆ ಮಾವ ನಲವತ್ತು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಯಾರೋ ಗಿರಾಕಿ ಬಂದು, ಕೋಡಿಯ ಕಡೆಗೆ ಕರೆದುಕೊಂಡು ಹೋಗಲೇಬೇಕು ಎಂದು ಹಟ ಹಿಡಿದ ದಿನ ಎದ್ದು ಮುಖ ತೊಳೆದರು. ಅನುಮಾನ ಸುಳ್ಳಾಗಿದ್ದು ಅವಳು ಬಾಯಿಬಿಟ್ಟರೆ, ಒಂಬತ್ತು ವರ್ಷ ತನ್ನನ್ನು ಮಗಳ ಹಾಗೆ ನೋಡಿಕೊಂಡವರಿಗೆ ಕುರುಡ ಎಂದು ಅವಮಾನ ಮಾಡಿದಂತೆ. ಅನುಮಾನ ನಿಜವಾಗಿದ್ದು ಅವಳು ಬಾಯಿ ಮುಚ್ಚಿಕೊಂಡರೆ, ಮೂರು ಜನ ಕೋಡಿಯ ಮೆಟ್ಟಿಲ ಮೇಲೆ. ಆ ಇಡೀ ದಿನ ಅವಳು ಮನಸ್ಸಿನಲ್ಲೇ ಮಾತು ಕಟ್ಟಿದಳು, ಬಿಚ್ಚಿದಳು. ಮಾವ, ಒಂದು ಸಲ ಕಣ್ಣು ತೋರಿಸಿಕೊಂಡು ಬರೋಣವಾ. ಮಾವ, ಭಾನುವಾರ ನನಗೆ ಹುಷಾರಿಲ್ಲ, ಬೋಟು ಬೇಡ. ಮಾವ, ಮೋಟಾರು ಏನೋ ಸದ್ದು ಮಾಡುತ್ತಿದೆ. ಮೋಟಾರಿನ ತಂತಿ ಕಿತ್ತುಹಾಕಿದರೆ ಹೇಗೆ ಎಂದೂ ಯೋಚಿಸಿದಳು. ಬೋಟಿನವರೆಗೆ ಹೋಗಿ, ತಂತಿ ಯಾವುದು ಪೈಪು ಯಾವುದು ತಿಳಿಯದೆ ವಾಪಸು ಬಂದಳು. ಸಂಜೆ ಮಾವನಿಗೆ ಟೀ ಕೊಡುವಾಗ ಮಾತು ನಾಲಿಗೆಯ ತುದಿಗೆ ಬಂತು. ಅವರು ತಲೆಯೆತ್ತಿ, ಯಾಕಮ್ಮ ಸಪ್ಪಗಿದ್ದೀ ಎಂದರು. ಸಪ್ಪಗಿರುವುದು ಇವರಿಗೆ ಹೇಗೆ ಕಂಡಿತು ಎಂದು ಅವಳು ಅದರಲ್ಲೇ ಮುಳುಗಿಹೋದಳು, ಮಾತು ಅಲ್ಲಿಗೇ ನಿಂತಿತು.

ಭಾನುವಾರ ಏಳು ಗಂಟೆಗೆ ಡಾಕ್ಟರೂ ಅವರ ಹೆಂಡತಿಯೂ ಬಂದರು. ಮೋಡ ಕವಿದಿತ್ತು, ಬೆಳಕು ಮಂಕಾಗಿತ್ತು. ಹಲಗೆಯ ಕಟ್ಟೆಗೆ ಬೋಟು ಕಟ್ಟಿತ್ತು. ದೂರದಲ್ಲಿ, ಕೋಡಿಗೆ ಬಹಳ ಈಚೆಗೆ, ತೇಲುಗುಂಡುಗಳ ಹೊಸ ಸಾಲು ಸೊಸೆಗೆ ನಿಂತಲ್ಲಿಂದಲೇ ಕೆಂಪಗೆ ಕಾಣಿಸುತ್ತಿತ್ತು. ಕಿವಿಗೊಟ್ಟರೆ ನೀರು ಬೀಳುವ ಸದ್ದೂ ಕೇಳುತ್ತಿತ್ತು. ಡಾಕ್ಟರ ಹೆಂಡತಿ ಗಾಳಿ ತುಂಬಿದ ಜಾಕೀಟು ಹಾಕಿಕೊಂಡು, ಬೋಟಿನ ಅಂಚನ್ನು ಎರಡು ಕೈಯಲ್ಲೂ ಹಿಡಿದು ಕೂತು, ದನಿ ಹೊರಡದಂತೆ ತುಟಿಯಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತಿದ್ದರು. ಡಾಕ್ಟರು ಅವರನ್ನು ಛೇಡಿಸುತ್ತಾ, ಗೋಡೆಯ ಮೇಲಿನ ಫೋಟೊದ ಕಥೆಯನ್ನು ಮೂರನೇ ಸಲ ಹೇಳುತ್ತಿದ್ದರು. ಮಾವ ಹಿಂದುಗಡೆ ಮೋಟಾರಿನ ಪಕ್ಕ ಕೂತಿದ್ದರು, ತೊಡೆಯ ಮೇಲೆ ಪೆಟ್ಟಿಗೆ. ಸೊಸೆ ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿದ್ದಳು. ಮಾವ ಬಿಡು ಎಂದರೆ ಬಿಡಬೇಕು, ಅಷ್ಟೇ ಅವಳ ಕೆಲಸ. ಹಗ್ಗ ಅವಳ ಅಂಗೈಯಲ್ಲಿ ಒದ್ದೆಯಾಗಿತ್ತು.

ಮೊದಲು ಯಾವುದನ್ನು ಹಾಕೋಣ ಎಂದು ಡಾಕ್ಟರು ಕೇಳಿದರು. ಮಾವ ಪೆಟ್ಟಿಗೆ ತೆರೆದು, ಒಂದೊಂದನ್ನೇ ಎತ್ತಿ ತೂಗಿ, ಕೀಲು ಅಲ್ಲಾಡಿಸಿ, ಬಾಲವನ್ನು ಬೆರಳಿನಿಂದ ಮೀಟಿ ನೋಡಿದರು. ಕಡೆಗೆ ಒಂದನ್ನು ಆರಿಸಿದರು. ಮೆಲ್ಲಗೆ ಇಳಿಯುವಂಥದ್ದು, ಮೊಳಕ್ಕೆ ಎರಡು ಬೆರಳು ಕಡಿಮೆ. ಈ ನೀರಿಗೆ ಇದೇ ಸರಿ ಎಂದು ಹೇಳಿ, ಅದನ್ನು ಡಾಕ್ಟರ ಹೆಂಡತಿಯ ಕಡೆಗೆ ಚಾಚಿದರು.

"ತಗೋ ಮಗಳೇ, ಇದನ್ನ ಡಾಕ್ಟ್ರಿಗೆ ಕಟ್ಟಿಕೊಟ್ಟು ನೀನು ಹೋಗಿ ಹಗ್ಗ ಬಿಚ್ಚು," ಎಂದರು.

ಡಾಕ್ಟರ ಹೆಂಡತಿಗೆ ನಗು ಬಂತು. ನನಗೆಲ್ಲಿ ಬರುತ್ತದೆ ಅಂಕಲ್ ಇದೆಲ್ಲ ಎಂದರು. ಆ ದನಿ ಕೇಳಿ ಮಾವನ ಕೈ ಚಾಚಿದಲ್ಲೇ ನಿಂತಿತು. ಮುಖ ಅತ್ತ ತಿರುಗಿತು, ಇತ್ತ ತಿರುಗಿತು. ಅವರು ಹುಡುಕುತ್ತಿದ್ದುದು ಸೊಸೆಯನ್ನು. ಅವಳು ನಾಲ್ಕು ಮಾರು ದೂರದಲ್ಲಿ, ನೇರ ಅವರ ಎದುರಿಗೇ ನಿಂತಿದ್ದಳು.

ಎರಡು ತಿಂಗಳು ಗುದ್ದಾಡಿದ ಪ್ರಶ್ನೆಗೆ ಉತ್ತರ ಇಷ್ಟು ಸುಲಭವಾಗಿ ಬಂತು. ಬಂದಾಗ ಅವಳಿಗೆ ಸಮಾಧಾನವಾಗಲಿಲ್ಲ, ಅಳು ಬಂತು. ಅಷ್ಟರಲ್ಲಿ ಮಾವ ಸಾವರಿಸಿಕೊಂಡಿದ್ದರು. ಬೋಟು ಹತ್ತಿದವರೆಲ್ಲ ಕೈಕೆಲಸ ಮಾಡಬೇಕು, ಇಲ್ಲಿ ಡಾಕ್ಟರ ಹೆಂಡತಿ ಎಂದು ಬಿಡುವುದಿಲ್ಲ ಎಂದು ಹೇಳಿ ನಗುತ್ತಿದ್ದರು. ಡಾಕ್ಟರೂ ಜೋರಾಗಿ ನಗುತ್ತಿದ್ದರು.

"ಮಾವ, ಅದು ನಾನಲ್ಲ," ಎಂದಳು ಸೊಸೆ.

"ಗೊತ್ತು ಕಣಮ್ಮ. ತಮಾಷೆ ಮಾಡಿದೆ."

ಇಲ್ಲಿ ಅವಳು ಹೂಂ ಮಾವ ಎನ್ನಬೇಕಾಗಿತ್ತು. ಬಾಯಿ ಅದಕ್ಕೇ ತೆರೆದುಕೊಂಡಿತ್ತು ಕೂಡ. ಡಾಕ್ಟರ ಹೆಂಡತಿ ಬೋಟಿನ ಅಂಚನ್ನು ಮತ್ತೆ ಗಟ್ಟಿಯಾಗಿ ಹಿಡಿದುಕೊಂಡರು, ಅವರ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅದನ್ನು ನೋಡಿದಳು.

"ತಮಾಷೆ ಅಲ್ಲ ಮಾವ. ನಿಮಗೆ ಕಾಣಿಸ್ತಾ ಇಲ್ಲ. ಬೋಟಿಂದ ಇಳೀರಿ."

ಮದುವೆಯಾದಂದಿನಿಂದ ಅವಳು ಆ ಮನೆಯಲ್ಲಿ ಯಾರಿಗೂ ಆಜ್ಞೆ ಮಾಡಿದವಳಲ್ಲ. ಡಾಕ್ಟರ ನಗು ನಿಂತಿತು. ಏನಮ್ಮ ಹೀಗೆ ಮಾತಾಡುತ್ತೀಯ, ಇವರು ನನಗೆ ಅಂಥಾ ಬಣ್ಣ ಆರಿಸಿಕೊಟ್ಟವರು, ಇವರ ಕಣ್ಣಿಗೇನಾಗಿದೆ ಎಂದು ರೇಗಿದರು. ಸೊಸೆ ಹಗ್ಗವನ್ನು ಕಟ್ಟೆಯ ಗೂಟಕ್ಕೆ ಇನ್ನೊಂದು ಸುತ್ತು ಬಿಗಿದಳು. ಗೂಟ ಹಿಡಿದೇ ನಿಂತಳು. ಮಾವ ಬೈಯುತ್ತಾರೆ, ಇಲ್ಲ ಮುಖ ತಿರುಗಿಸಿಕೊಂಡು ಎದ್ದು ಹೋಗಿ ಇನ್ನೆಂದೂ ಮಾತಾಡುವುದಿಲ್ಲ ಎಂದು ಕಾದಳು.

ಮಾವ ಪೆಟ್ಟಿಗೆ ಮುಚ್ಚಿದರು.

"ಅವಳು ಹೇಳಿದ್ದು ಸರಿ ಡಾಕ್ಟ್ರೇ," ಎಂದರು.

ಅವರು ಬೋಟಿನಿಂದ ಇಳಿದದ್ದನ್ನು ಅವಳು ಆಮೇಲೂ ಮರೆಯಲಿಲ್ಲ. ಹಲಗೆ ಎಲ್ಲಿದೆ ಎಂದು ಕಾಲಿನಿಂದ ತಡಕಿದರು, ಸಿಗಲಿಲ್ಲ, ಇನ್ನೊಮ್ಮೆ ತಡಕಿದರು. ಎಲ್ಲರ ಎದುರಿಗೆ, ಯಾವ ನೆಪವೂ ಇಲ್ಲದೆ. ಅವಳು 'ಇನ್ನು ಸ್ವಲ್ಪ ಈಚೆಗೆ ಮಾವ' ಎಂದು ಕೈ ಕೊಟ್ಟಳು. ಆ ಕೈಯನ್ನು ಅವರು ಹಿಡಿದುಕೊಂಡರು.

ಡಾಕ್ಟರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ನಾನು ಹಲ್ಲಿನವನು, ನನ್ನ ಜೊತೆ ಓದಿದವನೊಬ್ಬ ಕಣ್ಣಿನವನಿದ್ದಾನೆ, ಇವತ್ತೇ ಫೋನು ಮಾಡುತ್ತೇನೆ ಎಂದರು. ಇಬ್ಬರೂ ಬೋಟಿನಿಂದ ಇಳಿದ ಮೇಲೆ ಹೆಂಡತಿ ಅವರ ತೋಳು ಹಿಡಿದು ಮೆಲ್ಲಗೆ ರಸ್ತೆಯ ಕಡೆ ಕರೆದುಕೊಂಡು ಹೋದರು. ಹೋಗುವ ಮೊದಲು ತಿರುಗಿ ಬಂದು ಸೊಸೆಯ ಭುಜ ಒಂದು ಸಲ ಒತ್ತಿದರು.

ಮಾವ ಕಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ಸೊಸೆ ಪಕ್ಕದಲ್ಲಿ ಕೂತಳು. ಎಲ್ಲರ ಮುಂದೆ ಹೀಗೆ ಮಾಡಬಾರದಿತ್ತು, ಮನೆಯಲ್ಲೇ ಹೇಳಬೇಕಿತ್ತು, ತಪ್ಪಾಯಿತು ಎಂದು ಒಂದೇ ಉಸಿರಿಗೆ ಹೇಳತೊಡಗಿದಳು. ಅವರು ಕೈ ಎತ್ತಿ ತಡೆದರು.

"ನಾನೇ ಹೇಳೋಣ ಅಂದ್ರೆ ಬಾಯಿ ಬರಲಿಲ್ಲಮ್ಮ. ಅದಕ್ಕೆ ಬಾಯಿಗೆ ಬಂದ ಸುಳ್ಳೆಲ್ಲ ಹೇಳಿದೆ. ಮೀನಿಗೆ ಹಸಿರು ನೋಡಿ ಬೇಜಾರಾಗಿದೆ ಅಂತ ಕೂಡ ಹೇಳಿದೆ. ಒಂದು ಸಲ ಆದ್ರೂ ನೀನು, ಇದು ಸುಳ್ಳು ಮಾವ, ಅಂದುಬಿಡ್ತೀಯ ಅಂತ ಕಾದೆ. ನೀನು ಪ್ರತಿ ಸಲ ಹೂಂ ಅಂದೆ."

ಗಿರಾಕಿ ಹೋದ ಮೇಲೂ ಅವರು ಅದೇ ಕಾರಣವನ್ನು ತನಗೆ ಇನ್ನೊಮ್ಮೆ ಯಾಕೆ ಹೇಳುತ್ತಿದ್ದರು ಎಂದು ಅವಳು ಒಂದು ದಿನವೂ ಯೋಚಿಸಿರಲಿಲ್ಲ. ಅವಳು ಮರ್ಯಾದೆ ಎಂದುಕೊಂಡು ಸುಮ್ಮನಿದ್ದ ಎರಡು ತಿಂಗಳು ಮಾವ ಆ ಅಂಗಡಿಯಲ್ಲಿ ಒಬ್ಬರೇ ಇದ್ದರು.

"ನನಗೆ ಹೆದರಿಕೆ ಆಗ್ತಿತ್ತು ಮಾವ," ಎಂದಳು.

"ನನಗೂ," ಎಂದರು ಮಾವ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಮಾವನ ಕೈಯಲ್ಲಿ ಆ ಸುಳ್ಳುಮೀನು ಇನ್ನೂ ಇತ್ತು. ಇಳಿಯುವಾಗಲೂ ಅದನ್ನು ಬಿಟ್ಟಿರಲಿಲ್ಲ. ಅದರ ಬೆನ್ನು ಸವರಿದರು, ಮುಖದ ಹತ್ತಿರ ತಂದರು, ದೂರ ಹಿಡಿದರು, ಆಮೇಲೆ ಅವಳ ಕಡೆಗೆ ನೀಡಿದರು.

"ಇದು ಯಾವ ಬಣ್ಣ ಹೇಳಮ್ಮ."

"ಕೆಂಪು."

"ಪೂರ್ತಿ ಕೆಂಪಾ?"

"ಪೂರ್ತಿ ಮಾವ. ಕಡುಕೆಂಪು."

ಮಾವ ನೀರಿನ ಸದ್ದು ಬರುತ್ತಿದ್ದ ಕಡೆಗೆ, ಆ ಕಡುಕೆಂಪು ಗುಂಡುಗಳಿದ್ದ ಕಡೆಗೆ, ಮುಖ ತಿರುಗಿಸಿದರು.

"ನಾನು ಹಸಿರು ಅಂದ್ಕೊಂಡಿದ್ದೆ," ಎಂದರು.